ಹಸುಗೂಸಿನ ಕರುಳು, ಕಂಪನಿಯ ಡಬ್ಬಿ ಮತ್ತು ನಾವು ಮರೆತ ಒಂದು ಕಾನೂನು

ಎರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಯ್ತು. ಎರಡನೇ ದಿನ ರಾತ್ರಿ ಮಗು ಒಂದೇ ಸಮ ಅಳ್ತಿತ್ತು. ನರ್ಸ್ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: "ಹಾಲು ಸಾಕಾಗ್ತಿಲ್ಲ ಅಮ್ಮಾ, ಕೆಳಗೆ ಮೆಡಿಕಲ್‌ನಲ್ಲಿ ಪೌಡರ್ ಸಿಗುತ್ತೆ, ತರಿಸಿಬಿಡಿ." ಚೀಟಿಯಲ್ಲಿ ಬ್ರ್ಯಾಂಡಿನ ಹೆಸರು ಮೊದಲೇ ಬರೆದಿತ್ತು. ಹತ್ತು ನಿಮಿಷದಲ್ಲಿ ಡಬ್ಬಿ ಬಂತು, ಮಗು ಕುಡಿದು ಮಲಗಿತು, ಎಲ್ಲರಿಗೂ ಸಮಾಧಾನ. ಮುಂದಿನ ಮೂರು ತಿಂಗಳು ಅಕ್ಕ "ನನಗೆ ಹಾಲೇ ಇಲ್ಲ" ಅಂತ ಅಂದುಕೊಂಡೇ ಕಳೆದಳು. ಸಂಬಂಧಿಕರೂ ಅದನ್ನೇ ಹೇಳಿದರು.

ಈ ಕಥೆ ನಿಮ್ಮ ಮನೆಯಲ್ಲೂ ನಡೆದಿರಬಹುದು. ನಾವು ಇದನ್ನ ಮನೆಯ ವಿಷಯ, ಹೆಂಗಸರ ವಿಷಯ, ಡಾಕ್ಟರ ವಿಷಯ ಅಂತ ಬಿಟ್ಟುಬಿಡ್ತೀವಿ. ಆದರೆ ಇದು ಅಪ್ಪಟ ರಾಜಕೀಯದ ವಿಷಯ. ಆ ಡಬ್ಬಿಯ ಸುತ್ತ ಜಾಗತಿಕ ಮಾರುಕಟ್ಟೆ ಇದೆ, ಅರ್ಧ ಶತಮಾನದ ಹೋರಾಟ ಇದೆ, ಭಾರತದ್ದೇ ಒಂದು ಗಟ್ಟಿ ಕಾನೂನು ಇದೆ. ಕೂಸಿಗೆ ಹಾಲು ಕುಡಿಸಲು ರಜೆಯೂ ಜಾಗವೂ ಸಿಗದ ಲಕ್ಷಾಂತರ ಕೂಲಿ ಹೆಣ್ಣುಮಕ್ಕಳೂ ಇದ್ದಾರೆ.

ಒಂದು ಮಾತನ್ನ ಮೊದಲೇ ಹೇಳಿಬಿಡ್ತೀನಿ. ಈ ಬರಹ ಪುಡಿ ಹಾಲು ಕುಡಿಸಿದ ತಾಯಂದಿರ ವಿರುದ್ಧ ಅಲ್ಲ. ತಾಯಿ ತೀರಿಹೋದ ಮಗುವಿಗೆ, ದತ್ತು ಪಡೆದ ಮಗುವಿಗೆ, ತಾಯಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವಾಗ, ನಿಜವಾಗಿಯೂ ಹಾಲು ಕಡಿಮೆ ಇರುವಾಗ ಫಾರ್ಮುಲಾ ಬೇಕೇ ಬೇಕು. ದನದ ಹಾಲಿಗೆ ನೀರು ಬೆರೆಸಿ ಕೊಡುವುದಕ್ಕಿಂತ ಅದು ಎಷ್ಟೋ ಪಾಲು ಸುರಕ್ಷಿತ. ಪ್ರಶ್ನೆ ಇರೋದು ಬೇರೆ ಕಡೆ: ಬೇಕಿಲ್ಲದ ಕೈಗೆ ಡಬ್ಬಿ ಹೇಗೆ ಬಂತು?

ಡಬ್ಬಿಯೊಳಗೆ ಏನಿದೆ?

ತಾಯಿಯ ಹಾಲಿನಲ್ಲಿ 100 ಮಿಲಿಗೆ ಹೆಚ್ಚುಕಡಿಮೆ 1 ಗ್ರಾಂ ಪ್ರೋಟೀನ್ ಇರುತ್ತೆ. ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಹೆಚ್ಚು. ಕರು ಕೆಲವೇ ತಿಂಗಳಲ್ಲಿ ದೊಡ್ಡದಾಗಬೇಕು, ಮನುಷ್ಯನ ಕೂಸು ನಿಧಾನಕ್ಕೆ ಬೆಳೀಬೇಕು. ಹಾಗಾಗಿ ಹಸುವಿನ ಹಾಲನ್ನ ಹಾಗೇ ಕೊಟ್ಟರೆ ಕೂಸಿನ ಮೂತ್ರಪಿಂಡಕ್ಕೂ ಕರುಳಿಗೂ ಭಾರ. ಕಾರ್ಖಾನೆಯ ಕೆಲಸ ಶುರುವಾಗುವುದು ಇಲ್ಲಿಂದ. ಕೆನೆ ತೆಗೆದ ಹಾಲಿಗೆ, ಚೀಸ್ ಮಾಡಿದಾಗ ಉಳಿಯುವ ವ್ಹೇ ನೀರಿನಿಂದ ಲವಣ ತೆಗೆದು ಸೇರಿಸ್ತಾರೆ. ಹಾಲಿನ ಕೊಬ್ಬಿನ ಬದಲು ತಾಳೆ, ತೆಂಗು, ಸೋಯಾ, ಸೂರ್ಯಕಾಂತಿ ಎಣ್ಣೆಗಳು ಬರ್ತವೆ. ಲ್ಯಾಕ್ಟೋಸ್, ಕೆಲವು ಡಬ್ಬಿಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಜೊತೆಗೆ ವಿಟಮಿನ್, ಕಬ್ಬಿಣ, ಖನಿಜಗಳು. ಎಲ್ಲವನ್ನೂ ಕಲಸಿ, ಕಾಯಿಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ಪುಡಿ.

ಈ ಪುಡಿಯ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. 1950ರ ದಶಕದಲ್ಲಿ ಮಗುವಿನ ಹಾಲಿನ ಪುಡಿ ಅಂದರೆ ಆಮದು ಸರಕು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡೋಕಾಗಲ್ಲ ಅಂತ ವಿದೇಶಿ ತಜ್ಞರು ಕೈಯಾಡಿಸಿದ್ದ ಕಾಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನ ಮಾಡಿ ತೋರಿಸಿದರು, ಆಣಂದದ ಅಮುಲ್ ಸಹಕಾರಿ ಅದನ್ನ ಮಾರುಕಟ್ಟೆಗೆ ತಂತು. ಸಾರ್ವಜನಿಕ ಸಂಸ್ಥೆಯ ಸಂಶೋಧನೆ, ರೈತರ ಸಹಕಾರಿ, ಆಮದಿಗೆ ಪರ್ಯಾಯ ಅನ್ನುವ ಕಾರಣಕ್ಕೆ ಇದು ಹೆಮ್ಮೆಯ ಕಥೆ. ಅಂದರೆ ಫಾರ್ಮುಲಾ ಅನ್ನುವುದೇ ಪಾಪದ ವಸ್ತು ಅಲ್ಲ. ಯಾರಿಗೆ, ಯಾವಾಗ, ಯಾರು ಮಾರ್ತಾರೆ ಅನ್ನೋದು ಮುಖ್ಯ.

ಕೂಸು ಜೀರ್ಣಿಸದ ಸಕ್ಕರೆ

ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಮೂರನೇ ಅತಿ ದೊಡ್ಡ ಘನಪದಾರ್ಥ ಯಾವುದು ಗೊತ್ತಾ? ಪ್ರೋಟೀನ್ ಅಲ್ಲ. ಆಲಿಗೋಸ್ಯಾಕರೈಡ್ ಅನ್ನುವ ಸಂಕೀರ್ಣ ಸಕ್ಕರೆಗಳು, ಚಿಕ್ಕದಾಗಿ ಎಚ್‌ಎಂಒ. ಒಂದು ಲೀಟರಿಗೆ 5ರಿಂದ 15 ಗ್ರಾಂ. ಇದುವರೆಗೆ 150ಕ್ಕೂ ಹೆಚ್ಚು ಬಗೆಗಳನ್ನ ಗುರುತಿಸಿದ್ದಾರೆ. ಸೋಜಿಗ ಏನಂದ್ರೆ, ಕೂಸಿಗೆ ಇವನ್ನ ಜೀರ್ಣಿಸಿಕೊಳ್ಳೋಕೆ ಬರಲ್ಲ. ಇವು ನೇರ ದೊಡ್ಡಕರುಳಿಗೆ ಹೋಗಿ ಅಲ್ಲಿರುವ ಬಿಫಿಡೋ ಬ್ಯಾಕ್ಟೀರಿಯಾಗಳಿಗೆ ಊಟವಾಗ್ತವೆ. ತಾಯಿಯ ದೇಹ ಮಗುವಿಗೆ ಮಾತ್ರ ಅಲ್ಲ, ಮಗುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಅಡುಗೆ ಮಾಡ್ತಿದೆ.

ಆ ಬ್ಯಾಕ್ಟೀರಿಯಾಗಳು ಸಕ್ಕರೆ ಒಡೆದು ಆಮ್ಲ ಹುಟ್ಟಿಸ್ತವೆ. ಕರುಳು ಹುಳಿಯಾಗುತ್ತೆ. ಆ ಹುಳಿಯಲ್ಲಿ ಭೇದಿ ತರುವ ಅನೇಕ ರೋಗಾಣುಗಳಿಗೆ ಬೇರೂರೋದು ಕಷ್ಟ. ಇದರ ಜೊತೆ ತಾಯಿಯ ಹಾಲಿನ ರೋಗನಿರೋಧಕ ಐಜಿಎ, ಲ್ಯಾಕ್ಟೋಫೆರಿನ್ ಕಾವಲಿಗೆ ನಿಲ್ತವೆ. ಬರೀ ಪುಡಿ ಹಾಲು ಕುಡಿಯುವ ಕೂಸಿನ ಕರುಳು ಬೇರೆ ಥರ ಇರುತ್ತೆ: ಬಿಫಿಡೋ ಕಡಿಮೆ, ದೊಡ್ಡವರ ಕರುಳಿನಂತೆ ಹಲವು ಜಾತಿಗಳ ಮಿಶ್ರಣ, ಹುಳಿಯ ಅಂಶವೂ ಕಡಿಮೆ. ಸಿಸೇರಿಯನ್, ಆ್ಯಂಟಿಬಯಾಟಿಕ್ ಸೇರಿದರೆ ವ್ಯತ್ಯಾಸ ಇನ್ನೂ ಹೆಚ್ಚು.

ಇದರಿಂದ ಆಗೋದೇನು? ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಯಾಕಂದ್ರೆ ವಾಟ್ಸಾಪಿನಲ್ಲಿ ಓಡಾಡುವ "ಪೌಡರ್ ಕುಡಿದ ಮಗು ದಡ್ಡ ಆಗುತ್ತೆ" ಅನ್ನುವಂಥ ಮಾತುಗಳು ತಾಯಂದಿರನ್ನ ಹೆದರಿಸೋಕೆ ಮಾತ್ರ ಉಪಯೋಗ. ಬೆಲಾರುಸ್‌ನಲ್ಲಿ 1990ರ ದಶಕದ ಕೊನೆಗೆ 17,046 ಕೂಸುಗಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಕೆಲವು ಆಸ್ಪತ್ರೆಗಳಲ್ಲಿ ಎದೆಹಾಲಿಗೆ ಒಳ್ಳೆಯ ಬೆಂಬಲ ಕೊಟ್ಟರು, ಉಳಿದ ಕಡೆ ಎಂದಿನಂತೆ ಬಿಟ್ಟರು. ಮೊದಲ ವರ್ಷದಲ್ಲಿ ಕರುಳಿನ ಸೋಂಕು ಬಂದ ಮಕ್ಕಳು ಬೆಂಬಲ ಇದ್ದ ಕಡೆ ಶೇ. 9.1, ಇಲ್ಲದ ಕಡೆ ಶೇ. 13.2. ಚರ್ಮದ ಎಕ್ಸಿಮಾ ಕೂಡ ಕಡಿಮೆಯಾಯ್ತು. ಆದರೆ ಅದೇ ಮಕ್ಕಳನ್ನ ಮುಂದೆ ನೋಡಿದಾಗ ಬೊಜ್ಜು, ಅಸ್ತಮಾದಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ಗಟ್ಟಿ ಸಾಕ್ಷ್ಯ ಇರುವುದು ಸೋಂಕಿನ ವಿಷಯದಲ್ಲಿ. ಉಳಿದದ್ದರಲ್ಲಿ ಬಡತನ, ಶಿಕ್ಷಣ, ಮನೆಯ ಸ್ಥಿತಿ ಎಲ್ಲವೂ ಕಲಸಿಕೊಂಡಿರುತ್ತೆ.

ಇಷ್ಟೇನಾ ಅನ್ನಬೇಡಿ. ಶುದ್ಧ ನೀರು, ಹತ್ತಿರದ ಆಸ್ಪತ್ರೆ ಇರುವ ಕಡೆ ಕರುಳಿನ ಸೋಂಕು ಅಂದರೆ ಎರಡು ದಿನದ ಭೇದಿ. ನಮ್ಮಲ್ಲಿ ಅದು ಸಾವು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಒಂದು ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅದರ ಆಹಾರವಾಗುವ ಸಕ್ಕರೆಯನ್ನ ಒಂದು ವಾರ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎದೆಹಾಲು ಕುಡಿಯುತ್ತಿದ್ದ ಈ ಕೂಸುಗಳಲ್ಲಿ ನಂಜು ಅಥವಾ ಸಾವು ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಖರ್ಚು ಮಗುವಿಗೆ ಸುಮಾರು ಒಂದು ಡಾಲರ್. ಕೂಸಿನ ಕರುಳಿನಲ್ಲಿ ಮೊದಲ ವಾರ ಯಾರು ನೆಲೆಸ್ತಾರೆ ಅನ್ನೋದು ಬಡ ದೇಶದಲ್ಲಿ ಜೀವ-ಮರಣದ ಪ್ರಶ್ನೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗಲ್ಲ.

ವಿಜ್ಞಾನ ಜಾಹೀರಾತಾದಾಗ

ಈ ಸಂಶೋಧನೆಯನ್ನ ಎಲ್ಲರಿಗಿಂತ ಚೆನ್ನಾಗಿ ಓದಿದ್ದು ಕಂಪನಿಗಳು. ಈಗ ಜೀನ್ ಮಾರ್ಪಡಿಸಿದ ಇ-ಕೋಲಿ ಬ್ಯಾಕ್ಟೀರಿಯಾಗಳನ್ನ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಒಂದೆರಡು ಬಗೆಯ ಎಚ್‌ಎಂಒ ತಯಾರಿಸ್ತಾರೆ. ಸುಮಾರು ಹತ್ತು ವರ್ಷದಿಂದ ವಿದೇಶದ ದುಬಾರಿ ಡಬ್ಬಿಗಳಲ್ಲಿ ಅದು ಬರ್ತಿದೆ. ತಾಂತ್ರಿಕವಾಗಿ ಇದು ಸಾಧನೆಯೇ. ಆದರೆ 150ರಲ್ಲಿ ಒಂದೋ ಐದೋ ಹಾಕಿ "ತಾಯಿಯ ಹಾಲಿಗೆ ಇನ್ನಷ್ಟು ಹತ್ತಿರ" ಅಂತ ಮಾರೋದು ಸಾಧನೆ ಅಲ್ಲ, ವ್ಯಾಪಾರ. ತಾಯಿಯ ಹಾಲು ದಿನದಿಂದ ದಿನಕ್ಕೆ, ಒಂದೇ ಸಲದ ಕುಡಿಯುವಿಕೆಯಲ್ಲೂ ಬದಲಾಗುತ್ತೆ. ಡಬ್ಬಿಯಲ್ಲಿರೋದು ಕೊನೆಯ ಚಮಚದವರೆಗೂ ಒಂದೇ.

ತಮಾಷೆ ನೋಡಿ. ಭಾರತದ ಕಾನೂನು ಡಬ್ಬಿಯ ಮೇಲೆ 'ಹ್ಯೂಮನೈಸ್ಡ್', 'ಮೆಟರ್ನಲೈಸ್ಡ್' ಅನ್ನುವ ಪದಗಳನ್ನೂ ಅಂಥ ಬೇರೆ ಪದಗಳನ್ನೂ ನಿಷೇಧಿಸಿದೆ. ಆದರೆ ಎಚ್‌ಎಂಒದ ಮೊದಲ ಅಕ್ಷರವೇ 'ಹ್ಯೂಮನ್', ಎರಡನೆಯದು 'ಮಿಲ್ಕ್'. ನಿಷೇಧಿತ ಮಾತು ಇನ್ನು ಪದಾರ್ಥದ ಹೆಸರಾಗಿ ಒಳಗೆ ಬರಬಹುದು!

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಬರಲ್ಲ. ಫಾರ್ಮುಲಾ ಪುಡಿ ಕ್ರಿಮಿಶುದ್ಧ ಅಲ್ಲ. ಕ್ರೋನೋಬ್ಯಾಕ್ಟರ್‌ನಂಥ ರೋಗಾಣು ಒಣ ಪುಡಿಯಲ್ಲಿ ಬದುಕಬಲ್ಲದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕುದಿಸಿದ, ಕನಿಷ್ಠ 70 ಡಿಗ್ರಿ ಬಿಸಿ ಇರುವ ನೀರಿನಲ್ಲೇ ಕಲಸಿ, ಆಮೇಲೆ ಆರಿಸಿ ಕೊಡಿ ಅನ್ನುತ್ತೆ. ಆದರೆ 'ಪ್ರೋಬಯಾಟಿಕ್' ಸೇರಿಸಿದ ಡಬ್ಬಿಗಳಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಅಂತ ಬರೆದಿರುತ್ತೆ, ಇಲ್ಲದಿದ್ದರೆ ಕಾಸು ಕೊಟ್ಟು ಕೊಂಡ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗುತ್ತಲ್ಲ! 2022ರಲ್ಲಿ ಅಮೆರಿಕದ ಅಬಾಟ್ ಕಂಪನಿಯ ಮಿಷಿಗನ್ ಕಾರ್ಖಾನೆ ಇದೇ ರೋಗಾಣುವಿನ ಕಾರಣಕ್ಕೆ ನಿಂತು ಇಡೀ ದೇಶದಲ್ಲಿ ಡಬ್ಬಿಗೆ ಹಾಹಾಕಾರ ಎದ್ದಿತು. ಶಿಶು ಆಹಾರವನ್ನ ಕೆಲವೇ ಕಂಪನಿಗಳ ಕೈಗೆ ಕೊಟ್ಟರೆ ಆಗೋದು ಹೀಗೆ. 2008ರಲ್ಲಿ ಚೀನಾದಲ್ಲಿ ಪ್ರೋಟೀನ್ ಹೆಚ್ಚು ತೋರಿಸೋಕೆ ಹಾಲಿಗೆ ಮೆಲಮಿನ್ ಬೆರೆಸಿದರು. 6 ಕೂಸುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು.

"ಹಾಲಿಲ್ಲ" ಅನ್ನುವ ಮಾತು ಹುಟ್ಟುವ ಬಗೆ

ಮತ್ತೆ ಅಕ್ಕನ ಕೋಣೆಗೆ ಬರೋಣ. ಹುಟ್ಟಿದ ಮೊದಲೆರಡು ದಿನ ಬರೋದು ಗಟ್ಟಿಯಾದ, ಹಳದಿ ಛಾಯೆಯ ಮೊದಲ ಹಾಲು. ಪ್ರಮಾಣ ಚಮಚ ಲೆಕ್ಕದಲ್ಲಿ. ಕೂಸಿನ ಹೊಟ್ಟೆಯೂ ಅಷ್ಟೇ ಚಿಕ್ಕದು, ಸಾಕಾಗುತ್ತೆ. ಹೆಚ್ಚಿನ ಹಾಲು ಇಳಿಯೋದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನಕ್ಕೆ, ಸಿಸೇರಿಯನ್ ಆದರೆ ಸ್ವಲ್ಪ ತಡ. ಮಗು ಎಷ್ಟು ಚೀಪುತ್ತೋ ಅಷ್ಟು ಹಾಲು ಉತ್ಪತ್ತಿ. ಈ ಹೊತ್ತಿನಲ್ಲಿ ಬಾಟಲಿ ಕೊಟ್ಟರೆ ಮಗು ತುಂಬಿದ ಹೊಟ್ಟೆಯಲ್ಲಿ ಮಲಗುತ್ತೆ, ಚೀಪಲ್ಲ. ಚೀಪದಿದ್ದರೆ ಹಾಲು ಕಮ್ಮಿ. ಕಮ್ಮಿಯಾಯ್ತು ಅಂತ ಇನ್ನೊಂದು ಬಾಟಲಿ. ಒಂದು ವಾರದಲ್ಲಿ "ಹಾಲಿಲ್ಲ" ಅನ್ನೋದು ನಿಜವೇ ಆಗಿಬಿಡುತ್ತೆ. ತನ್ನ ಅಗತ್ಯವನ್ನ ತಾನೇ ಸೃಷ್ಟಿಸುವ ಇಂಥ ಸರಕು ಬೇರೆ ಇರಲಾರದು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ನೋಡಿ. ದೇಶದಲ್ಲಿ ಶೇ. 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಹಿಂದಿನ ಸಮೀಕ್ಷೆಯಲ್ಲಿ ಇದು 41.6 ಇತ್ತು. ಅಂದರೆ ಅಲ್ಲೇ ನಿಂತಿದೆ. ಡಾಕ್ಟರು, ನರ್ಸು, ವಾರ್ಡು ಎಲ್ಲ ಇದ್ದೂ ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಮೊದಲ ಗಂಟೆ ತಪ್ಪುತ್ತಿದೆ. ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ. 47.4, ಸರ್ಕಾರಿಯಲ್ಲಿ ಶೇ. 14.3. ತಾಯಿಯನ್ನೂ ಕೂಸನ್ನೂ ಬೇರೆ ಮಾಡಿ ಮಲಗಿಸುವ ಪದ್ಧತಿ, ಪಕ್ಕದಲ್ಲಿ ಕೂತು ಹಾಲು ಕುಡಿಸೋದು ಹೇಗೆ ಅಂತ ಹೇಳಿಕೊಡೋಕೆ ಜನ ಇಲ್ಲದಿರೋದು, ಕೆಳಗೇ ಇರುವ ಮೆಡಿಕಲ್ ಶಾಪ್, ಇವೆಲ್ಲ ಸೇರಿ "ತಾಯಿಯ ಆಯ್ಕೆ" ಅನ್ನಿಸಿಕೊಳ್ತವೆ.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳೋಕೂ ಆಗಲ್ಲ. ಮೊದಲ ಹಾಲು ಕೆಟ್ಟದು ಅಂತ ಹಿಂಡಿ ಚೆಲ್ಲಿದ್ದು, ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಿದ್ದು, ಬಾಣಂತಿಗೆ ನೀರೂ ಸರಿಯಾಗಿ ಕೊಡದೇ ಇದ್ದದ್ದು ನಮ್ಮ ಅಜ್ಜಿಯರ ಬಾಣಂತನವೇ. ಕಂಪನಿ ಬಂದಿದ್ದು ಖಾಲಿ ಜಾಗಕ್ಕಲ್ಲ. "ನಿನ್ನ ಹಾಲು ಸಾಲದು" ಅಂತ ಹೆಣ್ಣಿಗೆ ಹೇಳುವ ಮನೆಗೇ ಅದು ಬಂತು.

ಇರುವ ಕಾನೂನು, ಇಲ್ಲದ ಜಾರಿ

1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ 'ದಿ ಬೇಬಿ ಕಿಲ್ಲರ್' ಅನ್ನುವ ಪುಸ್ತಿಕೆ ತಂತು. ಬಡ ದೇಶಗಳಲ್ಲಿ ಕೊಳಕು ನೀರಿಗೆ ಪುಡಿ ಕಲಸಿ, ದುಡ್ಡು ಉಳಿಸೋಕೆ ತೆಳ್ಳಗೆ ಮಾಡಿ ಕುಡಿಸಿ ಮಕ್ಕಳು ಸಾಯ್ತಿರೋದನ್ನ ಅದು ಬರೆದಿತ್ತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯ್ತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆ ಒಪ್ಪಿತು. ಪರವಾಗಿ 118 ಮತ, ವಿರುದ್ಧ ಒಂದೇ. ಆ ಒಂದು ಮತ ರೇಗನ್ ಆಡಳಿತದ ಅಮೆರಿಕದ್ದು.

ಭಾರತ ಇದನ್ನ ಕಾನೂನನ್ನಾಗಿಯೇ ಮಾಡಿತು. 1992ರ ಐಎಂಎಸ್ ಕಾಯ್ದೆ, 2003ರಲ್ಲಿ ಇನ್ನಷ್ಟು ಬಿಗಿಯಾಯ್ತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಯಾವ ಮಾಧ್ಯಮದಲ್ಲೂ ಜಾಹೀರಾತು ಇಲ್ಲ. ಡಬ್ಬಿಯ ಮೇಲೆ ಮಗುವಿನ, ತಾಯಿಯ ಚಿತ್ರ ಇಲ್ಲ. ಉಚಿತ ಸ್ಯಾಂಪಲ್ ಇಲ್ಲ, ಆಸ್ಪತ್ರೆಯಲ್ಲಿ ಪೋಸ್ಟರ್ ಇಲ್ಲ, ಡಾಕ್ಟರಿಗೆ ಉಡುಗೊರೆ ಇಲ್ಲ, ಅವರ ಸಮ್ಮೇಳನಕ್ಕೆ ಕಂಪನಿಯ ದುಡ್ಡೂ ಇಲ್ಲ. ತಪ್ಪಿದರೆ 3 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಜಗತ್ತಿನ ಕಠಿಣ ಕಾನೂನುಗಳಲ್ಲಿ ಇದೂ ಒಂದು.

ಹಾಗಿದ್ರೆ ನಿಮ್ಮ ಫೋನಿನಲ್ಲಿ ಏನಾಗ್ತಿದೆ? 'ಮಾಮ್ ಇನ್‌ಫ್ಲುಯೆನ್ಸರ್' ಒಬ್ಬರು ರೀಲ್‌ನಲ್ಲಿ ಡಬ್ಬಿ ತೋರಿಸ್ತಾರೆ. ಗರ್ಭಿಣಿ ಆ್ಯಪ್ ನಿಮ್ಮ ಹೆರಿಗೆ ದಿನಾಂಕ ತಿಳಿದು 'ಸಲಹೆ' ಕಳಿಸುತ್ತೆ. ಎರಡು ವರ್ಷ ಮೇಲ್ಪಟ್ಟವರ ಹಾಲಿನ ಪುಡಿಗೆ ಜಾಹೀರಾತು ತಪ್ಪಲ್ಲ, ಆ ಡಬ್ಬಿಯ ಬಣ್ಣ, ಲೋಗೋ ಮಾತ್ರ ಕೂಸಿನ ಡಬ್ಬಿಯನ್ನೇ ಹೋಲಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಎಂಟು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪೋಷಕರು, ಗರ್ಭಿಣಿಯರು ಕಂಪನಿಗಳ ಪ್ರಚಾರಕ್ಕೆ ಗುರಿಯಾಗಿದ್ದರು. ಈ ಉದ್ಯಮದ ಗಾತ್ರ 55 ಶತಕೋಟಿ ಡಾಲರ್. ಅದರ ಎದುರು ನಮ್ಮ ದಂಡ 5,000 ರೂಪಾಯಿ. ಒಂದು ರೀಲ್ ಮಾಡಿಸೋಕೂ ಅದಕ್ಕಿಂತ ಹೆಚ್ಚು ಕೊಡಬೇಕಾಗುತ್ತೆ.

2024ರ ಏಪ್ರಿಲ್‌ನಲ್ಲಿ ಸ್ವಿಸ್ ಸಂಸ್ಥೆ ಪಬ್ಲಿಕ್ ಐ ಬಯಲು ಮಾಡಿದ್ದು ನೆನಪಿರಬಹುದು. ಆರು ತಿಂಗಳ ನಂತರ ಕೊಡುವ ಸೆರೆಲ್ಯಾಕ್‌ನಲ್ಲಿ ಭಾರತದಲ್ಲಿ ಒಂದು ಸಲದ ಊಟಕ್ಕೆ ಸುಮಾರು 3 ಗ್ರಾಂ ಸೇರಿಸಿದ ಸಕ್ಕರೆ. ಜರ್ಮನಿ, ಬ್ರಿಟನ್ನಿನಲ್ಲಿ ಸೊನ್ನೆ. ಕಂಪನಿ ತಾನು ಐದು ವರ್ಷದಲ್ಲಿ ಸಕ್ಕರೆಯನ್ನ ಶೇ. 30ರವರೆಗೆ ಇಳಿಸಿದ್ದೀನಿ, ಕಾನೂನು ಮೀರಿಲ್ಲ ಅಂದಿತು. ಆಮೇಲೆ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನೂ ಘೋಷಿಸಿತು. ಅಂದರೆ ಮಾಡೋಕೆ ಮೊದಲೂ ಆಗ್ತಿತ್ತು, ಕೇಳೋರು ಇರಲಿಲ್ಲ ಅಷ್ಟೇ.

ಲೆಕ್ಕ ಹಾಕಿ ನೋಡಿ

ಎರಡು ತಿಂಗಳ ಕೂಸು ದಿನಕ್ಕೆ ಸುಮಾರು 700-800 ಮಿಲಿ ಕುಡಿಯುತ್ತೆ. ಅದಕ್ಕೆ ಬೇಕಾದ ಪುಡಿ ಹೆಚ್ಚುಕಡಿಮೆ 100 ಗ್ರಾಂ. 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ಅಗ್ಗದ ಡಬ್ಬಿ ಹಿಡಿದರೂ ಖರ್ಚು ಸಾವಿರದ ಲೆಕ್ಕದಲ್ಲೇ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಹನ್ನೆರಡು-ಹದಿಮೂರು ಸಾವಿರಕ್ಕೆ ದುಡಿಯುವ ಗಾರ್ಮೆಂಟ್ಸ್ ಹೆಣ್ಣುಮಗಳು ಏನು ಮಾಡ್ತಾಳೆ? ಮೂರು ಚಮಚ ಹಾಕುವಲ್ಲಿ ಎರಡು ಹಾಕ್ತಾಳೆ. 1974ರಲ್ಲಿ ಬರೆದಿದ್ದ ಕಥೆ ಇವತ್ತಿಗೂ ನಡೆಯೋದು ಹೀಗೆ.

ಕಾಗದದ ಮೇಲೆ 26 ವಾರ ವೇತನಸಹಿತ ಹೆರಿಗೆ ರಜೆ ಇದೆ. ಆದರೆ ಮನೆಗೆಲಸ, ಕಟ್ಟಡ ಕೆಲಸ, ಬೀಡಿ, ಹೊಲದ ಕೂಲಿಗೆ ಹೋಗುವ ಬಹುಪಾಲು ಹೆಣ್ಣುಮಕ್ಕಳಿಗೆ ಅದು ಸಿಗಲ್ಲ. ಅವರಿಗಿರುವ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತ ಗೋಡೆಬರಹ ಬರೆಸುವ ಸರ್ಕಾರ, ಆ ಆರು ತಿಂಗಳು ಆಕೆ ಮನೆಯಲ್ಲಿ ಕೂರಲು ಕೊಡುವ ದುಡ್ಡು ತಿಂಗಳಿಗೆ ಸಾವಿರವೂ ಆಗಲಿಲ್ಲ. ಮಹಿಳೆಯರು ಹೆಚ್ಚಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ಕಾನೂನು 1948ರಿಂದಲೂ ಇದೆ. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಎಳೆಗೂಸನ್ನ ಎತ್ತಿಕೊಂಡು ಬರೋದು ಹೇಗೆ, ಗಂಟೆಯ ಟಾರ್ಗೆಟ್ ಬಿಟ್ಟು ಹಾಲು ಕುಡಿಸೋಕೆ ಸೂಪರ್‌ವೈಸರ್ ಬಿಡ್ತಾನಾ? ಗ್ರಾಮ ಪಂಚಾಯ್ತಿಗಳಲ್ಲಿ ರಾಜ್ಯ ಶುರುಮಾಡಿದ 'ಕೂಸಿನ ಮನೆ' ಒಳ್ಳೆಯ ಹೆಜ್ಜೆ. ನಗರದ ಕೂಲಿ ತಾಯಂದಿರಿಗೆ ಅಂಥದ್ದು ಎಲ್ಲಿದೆ?

ಡಬ್ಬಿಗೆ ಪರ್ಯಾಯವೂ ಇದೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಯ್ತು. ಬೆಂಗಳೂರಿನ ವಾಣಿವಿಲಾಸದಲ್ಲಿ 2022ರಲ್ಲಿ ಬಂತು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಲ್ಲಿ ಕರುಳು ಕೊಳೆಯುವ ಎನ್‌ಇಸಿ ಅನ್ನುವ ಮಾರಕ ಕಾಯಿಲೆ, ಹಸುವಿನ ಹಾಲಿನ ಫಾರ್ಮುಲಾಕ್ಕಿಂತ ದಾನದ ತಾಯಿಹಾಲು ಕೊಟ್ಟಾಗ ಕಡಿಮೆ. ಇಂಥ ಬ್ಯಾಂಕು ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಬೇಕು, ಸಾರ್ವಜನಿಕ ಹಣದಲ್ಲೇ. ಯಾಕಂದ್ರೆ ಬಡ ತಾಯಂದಿರ ಹಾಲನ್ನ ಸಂಗ್ರಹಿಸಿ ಮಾರುವ ವ್ಯಾಪಾರ ಆಗಲೇ ಹುಟ್ಟಿತ್ತು. 2024ರ ಮೇ ತಿಂಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಅನುಮತಿ ಇಲ್ಲ ಅಂತ ಹೇಳಬೇಕಾಯ್ತು.

ಹಾಗಾಗಿ ಕೇಳಬೇಕಾದ್ದು ಇಷ್ಟು. ಐಎಂಎಸ್ ಕಾಯ್ದೆಯಲ್ಲಿ ಇನ್‌ಫ್ಲುಯೆನ್ಸರ್, ಆ್ಯಪ್, ಇ-ಕಾಮರ್ಸ್ ಪ್ರಚಾರವನ್ನ ಹೆಸರಿಟ್ಟು ಸೇರಿಸಬೇಕು, ದಂಡ ಕಂಪನಿಯ ವಹಿವಾಟಿನ ಲೆಕ್ಕದಲ್ಲಿರಬೇಕು. ಎಷ್ಟು ದೂರು ಬಂತು, ಎಷ್ಟಕ್ಕೆ ಶಿಕ್ಷೆ ಆಯ್ತು ಅಂತ ರಾಜ್ಯ ಆರೋಗ್ಯ ಇಲಾಖೆ ಪ್ರತಿ ವರ್ಷ ಪ್ರಕಟಿಸಬೇಕು. ಪ್ರತಿ ಹೆರಿಗೆ ವಾರ್ಡಿನಲ್ಲಿ ಎದೆಹಾಲು ಕುಡಿಸಲು ನೆರವಾಗುವ ಒಬ್ಬ ತರಬೇತಾದ ಸಿಬ್ಬಂದಿ ಬೇಕು, ರಾತ್ರಿ ಪಾಳಿಯಲ್ಲೂ. ಅಸಂಘಟಿತ ವಲಯದ ತಾಯಿಗೆ ಆರು ತಿಂಗಳು ಕನಿಷ್ಠ ಕೂಲಿ ಕೊಡಬೇಕು. ಫಾರ್ಮುಲಾ ನಿಜವಾಗಿ ಬೇಕಾದ ಬಡ ಕೂಸಿಗೆ ಅದನ್ನ ಬ್ರ್ಯಾಂಡ್ ಇಲ್ಲದ ಪೊಟ್ಟಣದಲ್ಲಿ ಆಸ್ಪತ್ರೆಯೇ ಉಚಿತವಾಗಿ ಕೊಡಬೇಕು. ಎಮ್ಮೆ ಹಾಲಿನಿಂದ ಪುಡಿ ಮಾಡಿ ತೋರಿಸಿದ ಸಾರ್ವಜನಿಕ ಸಂಸ್ಥೆಗಳು ಇರುವ ದೇಶಕ್ಕೆ ಇದು ಅಸಾಧ್ಯ ಏನಲ್ಲ.

ಅಕ್ಕನಿಗೆ ಮೂರನೇ ತಿಂಗಳಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಬಂದು ಪಕ್ಕದಲ್ಲಿ ಕೂತು, ಮಗುವನ್ನ ಹೇಗೆ ಹಿಡಿಯಬೇಕು ಅಂತ ತೋರಿಸಿಕೊಟ್ಟರು. ಡಬ್ಬಿ ಪೂರ್ತಿ ಬಿಡೋಕಾಗಲಿಲ್ಲ, ಆದರೆ ಅರ್ಧದಷ್ಟು ಕಮ್ಮಿಯಾಯ್ತು. ಆ ಕೆಲಸಕ್ಕೆ ಅವರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಆ ಮೊದಲ ರಾತ್ರಿ ಚೀಟಿ ಬರೆದುಕೊಟ್ಟವರ ಬದಲು ಅಂಥ ಒಬ್ಬರು ವಾರ್ಡಿನಲ್ಲಿ ಇದ್ದಿದ್ದರೆ ಅಂತ ಅಕ್ಕ ಈಗಲೂ ಹೇಳ್ತಿರ್ತಾಳೆ.